ಬಸವನ್ನನ ಕಣ್ಣಳತೆ

ಮೃಣಾಲಿನಿ ಪಿಎಚ್.ಡಿ. ಮಾಡುತ್ತಿದ್ದುದು ಒಂದು ಎತ್ತಿನ ಮೇಲೆ. ಈ ಮಾತನ್ನು ಅವಳ ಅಪ್ಪ ಬಾಲಚಂದ್ರರಾಯರು ಬ್ಯಾಂಕಿನಲ್ಲಿ ಯಾರ ಹತ್ತಿರವೂ ಬಾಯಿಬಿಡುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಸೈಕಾಲಜಿ" ಎಂದಷ್ಟೇ ಹೇಳಿ ಮುಂದಿನ ಕಾಗದಕ್ಕೆ ಸಹಿ ಹಾಕುವರು. ತುಮಕೂರು ಕಡೆಯವರು. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು, ಗಾಜುವಾಕದಲ್ಲಿ ಬಾಡಿಗೆ ಮನೆ ಹಿಡಿದು ನಾಲ್ಕು ವರ್ಷವಾಗಿತ್ತು. ಒಬ್ಬಳೇ ಮಗಳಿಗೆ ಎಂ.ಎ.ನಲ್ಲಿ ಫಸ್ಟ್ ಕ್ಲಾಸು ಬಂದಾಗ ಬ್ಯಾಂಕಿಗೆಲ್ಲ ಮೈಸೂರುಪಾಕು ಹಂಚಿದ ಮನುಷ್ಯ, ಎತ್ತಿನ ಸುದ್ದಿ ಕೇಳಿದಾಗ ತಲೆಯ ಮೇಲೆ ಕೈಹೊತ್ತು ಕೂತರು.

"ಎತ್ತಿನ ಬುದ್ಧಿ ಅಳೆಯೋಕೆ ಯೂನಿವರ್ಸಿಟಿ ಬೇಕೇನೇ? ನಮ್ಮ ತಾತ ಹಲ್ಲು ನೋಡೇ ಹೇಳ್ಬಿಡೋರು."

"ತಾತ ಹೇಳ್ತಿದ್ದಿದ್ದು ವಯಸ್ಸು ಅಪ್ಪ. ಬುದ್ಧಿ ಅಲ್ಲ."

ಆದರೆ ಅದೇನು ಗದ್ದೆ ಉಳುವ ಎತ್ತಲ್ಲ. ನಾವು ಕೋಲೆಬಸವ ಅನ್ನುತ್ತೇವಲ್ಲ, ತೆಲುಗಿನವರು ಗಂಗಿರೆದ್ದು ಅನ್ನುವುದು ಅದನ್ನೇ. ಬೆನ್ನಿನ ಮೇಲೆ ಬಣ್ಣಬಣ್ಣದ ತೇಪೆಯ ಹಚ್ಚಡ, ಕೊರಳಲ್ಲಿ ಕವಡೆ ಸರ, ಕೊಂಬಿನ ತುದಿಗೆ ಹಿತ್ತಾಳೆ. ಹೆಸರು ಬಸವನ್ನ. ಅದನ್ನು ಆಡಿಸುವವನು ಅಪ್ಪಲಸ್ವಾಮಿ: ಐವತ್ತರ ಆಸುಪಾಸಿನ ಒಣಕಲು ಆಳು, ಯಾರೋ ಕೊಟ್ಟ ಹಳೆಯ ಕರೀ ಕೋಟು, ತಲೆಗೆ ಕೆಂಪು ಪೇಟ. ಎಂಬತ್ತೇಳರ ಸಂಕ್ರಾಂತಿಯ ಬೆಳಗ್ಗೆ ಇವರಿಬ್ಬರೂ ರಾಯರ ಮನೆಯ ಮುಂದೆ ಬಂದು ನಿಂತರು. "ಡೂಡೂ ಬಸವನ್ನಾ, ಈ ಅಮ್ಮಗಾರಿಗೆ ಒಳ್ಳೇದಾಗುತ್ತಾ?" ಎಂದರೆ ಬಸವನ್ನ ಗಂಟೆಗಳೆಲ್ಲ ಘಲ್ಲೆನ್ನುವಂತೆ ತಲೆಯಾಡಿಸಿತು.

ಮೃಣಾಲಿನಿಯ ತಾಯಿ ಸುಮಿತ್ರಮ್ಮ ಮೊರದಲ್ಲಿ ಅಕ್ಕಿ ಹಿಡಿದು ನಿಂತಿದ್ದರು. ಊರು ಬಿಟ್ಟು ಬಂದ ದಿನದಿಂದ ಅವರ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. ಆಕೆ ಎತ್ತಿನ ಮುಂದೆ ಬಗ್ಗಿ, ಅಚ್ಚ ತುಮಕೂರು ಕನ್ನಡದಲ್ಲಿ, "ನಮ್ಮೆಜಮಾನ್ರಿಗೆ ಈ ವರ್ಷನಾದ್ರೂ ಟ್ರಾನ್ಸ್‌ಫರ್ ಆಗುತ್ತೇನಪ್ಪಾ?" ಎಂದರು. ಅಪ್ಪಲಸ್ವಾಮಿಗೆ ಕನ್ನಡದ ಒಂದಕ್ಷರ ಗೊತ್ತಿಲ್ಲ. ಎತ್ತಿಗಂತೂ ದೂರದ ಮಾತು. ಆದರೂ ಬಸವನ್ನ ಒಂದು ಕ್ಷಣ ನೋಡಿ, ಹೌದೌದೆಂದು ತಲೆಯಾಡಿಸಿತು. ಸುಮಿತ್ರಮ್ಮ ಅಕ್ಕಿಯ ಜೊತೆಗೆ ಒಂದು ಒಳ್ಳೆಯ ಸೀರೆಯನ್ನೇ ಕೊಟ್ಟುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಮೃಣಾಲಿನಿಗೆ ಮೈ ಜುಮ್ಮೆಂದಿತು. ಅವಳ ಪಿಎಚ್.ಡಿ. ಶುರುವಾದದ್ದು ಅಲ್ಲಿ.

ಅವಳ ಗೈಡು ಸುಬ್ರಹ್ಮಣ್ಯಂ ಮೇಷ್ಟ್ರು ಇಲಿ, ಪಾರಿವಾಳ, ಮಕ್ಕಳು, ಎಲ್ಲರೂ ಹೇಗೆ ಕಲಿಯುತ್ತಾರೆಂದು ಮೂವತ್ತು ವರ್ಷ ನೋಡಿದವರು. ಅವರು ಕೇಳಿ ನಕ್ಕುಬಿಟ್ಟರು. "ಎತ್ತಿಗೆ ಕನ್ನಡ ಬರಲ್ಲಮ್ಮಾ. ನಿಮ್ಮಮ್ಮನ ಮುಖ ಓದೋಕೆ ಬಂದಿರುತ್ತೆ. ಪ್ರಾಣಿಗೆ ಉತ್ತರ ಗೊತ್ತಿರೋದು ಬೇರೆ, ಉತ್ತರ ಗೊತ್ತಿರೋರನ್ನ ಓದೋದು ಬೇರೆ. ಮೊದಲು ಇವೆರಡನ್ನೂ ಬಿಡಿಸು. ಆಮೇಲೆ ಅದು ಯಾವ ಸನ್ನೆ ನೋಡುತ್ತೆ ಅಂತ ಹಿಡಿ. ಸನ್ನೆ ಸಿಕ್ಕಿದ ದಿನ ನಿನ್ನ ಥೀಸಿಸ್ ಮುಗೀತು."

ಮೃಣಾಲಿನಿ ಸಂತೆಯಿಂದ ಐದು ಬಿದಿರು ಬುಟ್ಟಿ ತಂದಳು. ಗಾಜುವಾಕದ ಅಂಚಿನಲ್ಲಿ ಅಪ್ಪಲಸ್ವಾಮಿಯ ಗುಡಿಸಲು. ಅದರ ಮುಂದಿನ ಅಂಗಳದಲ್ಲಿ ಬುಟ್ಟಿಗಳನ್ನು ಸಾಲಾಗಿ ಬೋರಲು ಹಾಕಿ, ಒಂದರ ಕೆಳಗೆ ನೆರೆಮನೆಯ ಹುಡುಗನ ಕೈಲಿ ಒಂದು ತೆಂಗಿನ ಹೋಳು ಇಡಿಸುವಳು. ಯಾವುದರ ಕೆಳಗೆ ಎಂದು ಆ ಹುಡುಗ ಅಪ್ಪಲಸ್ವಾಮಿ ಒಬ್ಬನಿಗೆ ಮಾತ್ರ ತೋರಿಸಿ ಹೋಗಿಬಿಡಬೇಕು. ಆಗ ಬಸವನ್ನ ಗುಡಿಸಲ ಹಿಂದೆ. ಮೃಣಾಲಿನಿಯೂ ಹಿಂದೆ, ಅವಳಿಗೂ ಗೊತ್ತಿರಕೂಡದು. ಆಮೇಲೆ ಎತ್ತನ್ನು ತಂದು ನಿಲ್ಲಿಸಿ, ಅವಳು ಒಂದೊಂದೇ ಬುಟ್ಟಿ ಮುಟ್ಟಿ "ಇದಾ?" ಎಂದು ಕೇಳುವಳು.

ಹತ್ತಕ್ಕೆ ಒಂಬತ್ತು ಸಲ ಬಸವನ್ನ ಸರಿಯಾದ ಬುಟ್ಟಿಗೇ ತಲೆಯಾಡಿಸಿತು. ವಾಸನೆ ಇರಬಹುದೆಂದು ಐದೂ ಬುಟ್ಟಿಗೆ ತೆಂಗಿನಕಾಯಿ ಉಜ್ಜಿದಳು. ಆಗಲೂ ಒಂಬತ್ತು. ಅಪ್ಪಲಸ್ವಾಮಿಗೆ ತೋರಿಸದೆ ಇಟ್ಟಾಗ? ಎರಡು. ಅದು ಯಾರು ಕಣ್ಣುಮುಚ್ಚಿ ಹೇಳಿದರೂ ಬರುವ ಲೆಕ್ಕ. ತೋರಿಸಿ, ಅವನ ಮುಂದೆ ಒಂದು ಬೆಡ್‌ಶೀಟು ಕಟ್ಟಿದಾಗಲೂ ಅಷ್ಟೇ, ಎರಡು. ಆ ದಿನ ಅವಳು ನೋಟುಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಳು: ಬಸವನ್ನನಿಗೆ ಏನೂ ಗೊತ್ತಿಲ್ಲ. ಗೊತ್ತಿರುವ ಅಪ್ಪಲಸ್ವಾಮಿ ಕಣ್ಣೆದುರಿಗಿದ್ದರೆ ಎಲ್ಲಾ ಗೊತ್ತು.

ಸರಿ, ಆ ಸನ್ನೆ ಯಾವುದು? ಅಲ್ಲಿ ಅವಳ ಬಂಡಿ ಹೂತುಹೋಯಿತು. ಅಪ್ಪಲಸ್ವಾಮಿಯ ಕೈ ಕಟ್ಟಿಸಿದಳು, ಕುತ್ತಿಗೆಯವರೆಗೆ ಕಂಬಳಿ ಹೊದಿಸಿದಳು, ಬಾಯಿಗೆ ಬಟ್ಟೆ ಸುತ್ತಿಸಿದಳು. ಪುಣ್ಯಾತ್ಮ ಎಲ್ಲದಕ್ಕೂ ಒಪ್ಪಿ ಬೇಸಗೆಯಲ್ಲಿ ಬೆವರುತ್ತ ಕೂತ. ಬಸವನ್ನ ಒಂಬತ್ತು ಬಿಟ್ಟು ಇಳಿಯಲಿಲ್ಲ. ಗೆಳತಿ ಹೈಮಾವತಿಯ ಕೈಲಿ ಬುಟ್ಟಿ ಮುಟ್ಟಿಸಿ, ತಾನು ಅಪ್ಪಲಸ್ವಾಮಿಯ ಪಕ್ಕದಲ್ಲಿ ಕೂತು ಅವನ ಹುಬ್ಬು, ತುಟಿ, ಮೂಗಿನ ಹೊಳ್ಳೆ, ಕತ್ತಿನ ನರ ಎಲ್ಲ ತಿಂಗಳುಗಟ್ಟಲೆ ದಿಟ್ಟಿಸಿದಳು. ಕಲ್ಲು ಕೂಡ ಅದಕ್ಕಿಂತ ಜಾಸ್ತಿ ಅಲ್ಲಾಡುತ್ತದೆ. ಕಣ್ಣೇನೋ ಬುಟ್ಟಿಗಳ ಕಡೆ ಹೋಗುತ್ತಿತ್ತು, ಯಾರದಾದರೂ ಹೋಗುತ್ತದೆ. "ಕಣ್ಣು: ವಿಶೇಷವಿಲ್ಲ" ಎಂದು ಬರೆದುಕೊಂಡಳು.

"ನಮ್ಮ ಕಸುಬಿನಲ್ಲಿ ಮುಖ ಅಲ್ಲಾಡಬಾರದಮ್ಮಾ," ಎಂದ ಅಪ್ಪಲಸ್ವಾಮಿ ತೆಲುಗಿನಲ್ಲಿ. "ಆಡಿಸೋನು ಮುಖ ಆಡಿಸಿದರೆ ಜನ ನಗ್ತಾರೆ. ನಮ್ಮಪ್ಪ ಬಾಯಲ್ಲಿ ಮೆಣಸಿನಕಾಯಿ ಇಟ್ಟು ಸುಮ್ಮನೆ ನಿಲ್ಲಿಸಿ ಕಲಿಸಿದ."

"ಮತ್ತೆ ಬಸವನ್ನನಿಗೆ ಏನು ಹೇಳ್ತೀಯ?"

"ಏನೂ ಇಲ್ಲ, ಬೆಟ್ಟದ ಮೇಲಿನ ದೇವರು ಅಪ್ಪನ್ನಸ್ವಾಮಿ ಆಣೆ. 'ಇದೇ' ಅಂತ ಮನಸ್ಸಲ್ಲಿ ಅಂದುಕೋತೀನಿ. ಅವನಿಗೆ ತಿಳಿಯುತ್ತೆ. ನಾನು ಅವನಿಗೆ ಕಲಿಸಿದೆ ಅಂತಾರೆ ಊರವರು. ಹನ್ನೊಂದು ವರ್ಷದಿಂದ ಅವನೇ ನನ್ನ ಕಲೀತಿದಾನೆ ತಾಯಿ."

ಒಳಗಿನಿಂದ ಅವನ ಹೆಂಡತಿ ಸೂರ್ಯಕಾಂತಮ್ಮ, "ನಾನು ಕಟ್ಟಿಕೊಂಡು ಇಪ್ಪತ್ತೆಂಟು ವರ್ಷ. ನನಗೇ ತಿಳಿಯಲ್ಲ ಇವರ ಮನಸ್ಸಲ್ಲಿ ಏನಿದೆ ಅಂತ," ಎಂದು ನಗುತ್ತ ಮಜ್ಜಿಗೆ ತಂದಿಟ್ಟಳು.

ಮರುವರ್ಷ ಮೇ ತಿಂಗಳಲ್ಲಿ ರಾಯರಿಗೆ ಟ್ರಾನ್ಸ್‌ಫರ್ ಆರ್ಡರ್ ಬಂತು. ಸುಮಿತ್ರಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿ ಬಂದು ಆರ್ಡರ್ ಓದಿಸಿದರೆ, ಅದು ತುಮಕೂರಿಗಲ್ಲ, ವಿಜಯವಾಡಕ್ಕೆ! "ನಿನ್ನ ಎತ್ತು ಹೌದು ಅಂತು. ಯಾವೂರು ಅಂತ ನೀನು ಕೇಳಲಿಲ್ಲ," ಎಂದು ರಾಯರು ಹೆಂಡತಿಯನ್ನು ಛೇಡಿಸಿದ್ದೇ ಛೇಡಿಸಿದ್ದು.

ವಿಜಯವಾಡದಲ್ಲಿ ಅವರಿಗೆ ಸಿಕ್ಕ ಮನೆ ಆಟೋನಗರ್ ಹತ್ತಿರ. ಬೆಳಗಾದರೆ ಲಾರಿಗಳ ತಗಡು ಬಡಿಯುವ ಸದ್ದು. ಆ ಸದ್ದಿನ ನಡುವೆ ಮೃಣಾಲಿನಿ ಅರ್ಧ ಥೀಸಿಸ್ ಮುಂದಿಟ್ಟುಕೊಂಡು ಕೂರುವಳು. ಸನ್ನೆ ಸಿಗದೆ ಬರೆಯುವಂತಿಲ್ಲ, ಎತ್ತಿಲ್ಲದೆ ಸನ್ನೆ ಹುಡುಕುವಂತಿಲ್ಲ.

ಸೆಪ್ಟೆಂಬರಿನ ಒಂದು ಶುಕ್ರವಾರ ಒಂದು ಕಾರ್ಡು ಬಂತು. ಸೂರ್ಯಕಾಂತಮ್ಮ ಯಾರ ಕೈಲೋ ಬರೆಸಿದ್ದಳು. "ಅಮ್ಮಗಾರಿಗೆ ನಮಸ್ಕಾರ. ಇವರಿಗೆ ಲಕ್ವ ಹೊಡೆದು ನಲವತ್ತು ದಿನವಾಯಿತು. ಕೈಕಾಲಿಗೆ ಸ್ವಾಧೀನವಿಲ್ಲ, ಮಾತು ಇಲ್ಲ. ಕಣ್ಣು ತೆರೆದಿದ್ದಾರೆ, ಒಳಗೆ ಯಾರೂ ಇಲ್ಲ. ಬಸವನ್ನನನ್ನು ಭಾನುವಾರ ದಲ್ಲಾಳಿಗೆ ಕೊಡುತ್ತಿದ್ದೇವೆ. ನೋಡಬೇಕೆಂದರೆ ಬನ್ನಿ." ವಯಸ್ಸಾದ ಎತ್ತನ್ನು ದಲ್ಲಾಳಿ ಎಲ್ಲಿಗೆ ಹೊಡೆಯುತ್ತಾನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೃಣಾಲಿನಿ ಶನಿವಾರ ಬೆಳಗಿನ ರೈಲಿಗೆ ಹೊರಟಳು. "ಒಬ್ಬಳನ್ನೇ ಕಳಿಸ್ತೀನಾ?" ಎಂದು ಸುಮಿತ್ರಮ್ಮ ಚಿತ್ರಾನ್ನದ ಡಬ್ಬಿ ಹಿಡಿದು ಜೊತೆಗೆ ಹತ್ತಿದರು. ಮಧ್ಯಾಹ್ನ ಮೂರಕ್ಕೆಲ್ಲ ಇಬ್ಬರೂ ಆ ಗುಡಿಸಲ ಮುಂದೆ ಇದ್ದರು.

ಅಪ್ಪಲಸ್ವಾಮಿ ಹಗ್ಗದ ಮಂಚದ ಮೇಲೆ ಅಂಗಾತ ಮಲಗಿದ್ದ. ಕಣ್ಣು ಚಾವಣಿಯ ಕಡೆ ನೆಟ್ಟಿತ್ತು. ಸೂರ್ಯಕಾಂತಮ್ಮನ ಅಣ್ಣ ದುರ್ಗಾಪ್ರಸಾದ್ ಪಕ್ಕದಲ್ಲಿ ಬೀಡಿ ಸೇದುತ್ತ ಕೂತಿದ್ದ. ಲಾರಿ ಡ್ರೈವರು, ಕೆಟ್ಟವನಲ್ಲ. ಈ ನಲವತ್ತು ದಿನ ಮಲಮೂತ್ರ ಎತ್ತಿದವನೂ ಅವನೇ.

"ಆಸ್ಪತ್ರೆಯಲ್ಲಿ ಎಲ್ಲಾ ನೋಡಿದರಮ್ಮಾ," ಎಂದ. "ಕೈ ಒತ್ತು ಅಂದರು, ಒತ್ತಲಿಲ್ಲ. ಆ ಕಡೆ ನೋಡು, ಈ ಕಡೆ ನೋಡು ಅಂದರು, ನೋಡಲಿಲ್ಲ. ತಿಳಿವಳಿಕೆ ಉಳಿದಿರೋದು ಅನುಮಾನ, ಮನೆಗೆ ಕರಕೊಂಡು ಹೋಗಿ ಅಂದರು. ಇನ್ನೆಷ್ಟು ದಿನವೋ ಈ ಕಟ್ಟಿಗೆಯಂಥ ದೇಹ."

"ಬೇಗ ಕರೆದುಕೊಂಡುಬಿಡಲಿ ದೇವರು," ಎಂದಳು ಸೂರ್ಯಕಾಂತಮ್ಮ, ಗಂಡನ ಬಾಯಿಗೆ ಚಮಚದಲ್ಲಿ ಗಂಜಿ ಹನಿಸುತ್ತ. "ನಾನು ಯಾರು ಅಂತಲೂ ತಿಳಿಯದ ಮೇಲೆ ಇದ್ದೇನು, ಹೋದರೇನು?" ಅವಳು ಅಳುತ್ತಿರಲಿಲ್ಲ. ಅಳು ಮುಗಿದುಹೋಗಿತ್ತು.

ಮೃಣಾಲಿನಿಗೆ ಅಲ್ಲಿ ಕೂರಲಾಗಲಿಲ್ಲ. ಗುಡಿಸಲ ಹಿಂದೆ ಹೋದಳು. ಬಸವನ್ನ ಸೊರಗಿ ಪಕ್ಕೆಲುಬು ಕಾಣುತ್ತಿತ್ತು. ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರುತ್ತ ನಿಂತಳು. ಆ ಕೆಂಪು ಶಾಯಿಯ ಸಾಲು ನೆನಪಾಯಿತು. ಬಸವನ್ನನಿಗೆ ಏನೂ ಗೊತ್ತಿಲ್ಲ. ಗೊತ್ತಿರುವವನು ಎದುರಿಗಿದ್ದರೆ ಮಾತ್ರ... ಅವಳ ಕೈ ಅಲ್ಲೇ ನಿಂತಿತು.

"ಅಮ್ಮಾ! ಬಾ ಇಲ್ಲಿ," ಎಂದು ಕೂಗಿದಳು. ಸುಮಿತ್ರಮ್ಮ ಓಡಿಬಂದರು. "ಅಮ್ಮ, ಈ ಎತ್ತು ತಾನಾಗಿ ಒಂದು ಬುಟ್ಟೀನೂ ಹೇಳಲ್ಲ. ಗೊತ್ತಿರೋ ಮನುಷ್ಯನ್ನ ನೋಡಿ ಹೇಳುತ್ತೆ. ಈಗ ಅಪ್ಪಲಸ್ವಾಮಿಗೊಬ್ಬನಿಗೇ ತೋರಿಸಿ, ಬೇರೆ ಯಾರಿಗೂ ಗೊತ್ತಿಲ್ಲದ ಹಾಗೆ ಇಟ್ಟು ಕೇಳೋಣ. ಎತ್ತು ಸರಿಯಾಗಿ ಹೇಳಿದ್ರೆ..."

"ಹೇಳಿದ್ರೆ?"

"ಅವನಿಗೆ ಗೊತ್ತಿದೆ ಅಂತ ಅಲ್ವಾ! ಅವನು ಒಳಗಿದಾನೆ ಅಂತ!"

ಸುಮಿತ್ರಮ್ಮ ಮಗಳ ಮುಖವನ್ನೇ ನೋಡಿದರು. "ಅಯ್ಯೋ ದೇವರೇ," ಎಂದರು ಮೆಲ್ಲಗೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬುಟ್ಟಿ ಎಲ್ಲಿವೆ?" ಎಂದರು.

ಬುಟ್ಟಿಗಳಲ್ಲಿ ಕೋಳಿ ಮರಿ ಮುಚ್ಚಿದ್ದರು. ಬಿಡಿಸಿ ತಂದು, ಅಪ್ಪಲಸ್ವಾಮಿಯ ಮಂಚವನ್ನೂ ಅಂಗಳಕ್ಕೆ ಹೊತ್ತು ತಂದರು. ತೆಂಗಿನ ಹೋಳು ಇಡುವ ಕೆಲಸ ದುರ್ಗಾಪ್ರಸಾದನಿಗೆ. ನಂಬದವನ ಕೈಯಲ್ಲೇ ಇರಲಿ ಎಂದಳು ಮೃಣಾಲಿನಿ. ಅವನು ಇಟ್ಟು, ಭಾವನ ಕಣ್ಣಿಗೆ ತೋರಿಸಿ, ರಸ್ತೆಗೆ ಹೋಗಿ ಬೆನ್ನು ತಿರುಗಿಸಿ ನಿಲ್ಲಬೇಕು. ಮಿಕ್ಕವರೆಲ್ಲ ಅಷ್ಟರವರೆಗೆ ಗುಡಿಸಲ ಹಿಂದೆ. "ಹುಚ್ಚು," ಎಂದು ಗೊಣಗಿದರೂ ಅವನು ಇಟ್ಟ.

ಬಸವನ್ನನನ್ನು ತಂದು ನಿಲ್ಲಿಸಿದರು. ಮೃಣಾಲಿನಿ ಒಂದನೇ ಬುಟ್ಟಿ ಮುಟ್ಟಿದಳು, ಎರಡನೆಯದು ಮುಟ್ಟಿದಳು. ಎತ್ತು ಮಂಚದ ಕಡೆ ನೋಡಿತು, ಬುಟ್ಟಿಯ ಕಡೆ ನೋಡಿತು, ಬಾಲ ಬೀಸಿತು. ಐದು ಬುಟ್ಟಿ ಮುಗಿದರೂ ತಲೆಯಾಡಿಸಲಿಲ್ಲ. ಇನ್ನೊಂದು ಸಲ ಇಟ್ಟರು. ತಪ್ಪು ಬುಟ್ಟಿಗೆ ತಲೆಯಾಡಿಸಿತು. ಮೂರನೆಯ ಸಲ ಮತ್ತೆ ಸುಮ್ಮನೆ ನಿಂತಿತು. ಮೃಣಾಲಿನಿಗೆ ತಾನು ಈ ಮನೆಗೆ ಬಂದು ಇಲ್ಲದ ಆಸೆ ಹುಟ್ಟಿಸಿದೆನಲ್ಲ ಎಂದು ನಾಚಿಕೆಯಾಯಿತು.

"ಸಾಕು ಬಿಡಿ ಅಮ್ಮಗಾರೂ," ಎಂದ ದುರ್ಗಾಪ್ರಸಾದ್.

ಸಿಟ್ಟಾದವಳು ಸೂರ್ಯಕಾಂತಮ್ಮ. "ಸಾಕೇನು ಸಾಕು? ಇವರು ಯಾವತ್ತಾದರೂ ಮಲಗಿಕೊಂಡು ಬಸವನ್ನನನ್ನ ಆಡಿಸಿದ್ದಾರಾ? ಮಲಗಿರೋ ಯಜಮಾನನನ್ನ ಅವನೇನು ಕಂಡಿದ್ದಾನೆ?" ಎಂದವಳೇ ಅಣ್ಣನನ್ನು ಕರೆದು, ಗಂಡನನ್ನು ಎತ್ತಿಸಿ, ಬೇವಿನ ಮರದ ಬುಡಕ್ಕೆ ಒರಗಿಸಿ ಕೂರಿಸಿದಳು. ಎರಡೂ ಪಕ್ಕಕ್ಕೆ ಹೊಟ್ಟಿನ ಮೂಟೆ ಕೊಟ್ಟಳು. ತಲೆ ವಾಲದಂತೆ ಪಂಚೆಯಿಂದ ಮರಕ್ಕೆ ಕಟ್ಟಿದಳು. ಆಮೇಲೆ ಒಳಗಿನಿಂದ ಆ ಕರೀ ಕೋಟು ತಂದು ಹೊದಿಸಿ, ಕೆಂಪು ಪೇಟ ಸುತ್ತಿದಳು.

ದುರ್ಗಾಪ್ರಸಾದ್ ಮತ್ತೆ ಹೋಳು ಇಟ್ಟು ತೋರಿಸಿ ಹೋದ ಮೇಲೆ, ಬಸವನ್ನ ಗುಡಿಸಲ ಮೂಲೆ ತಿರುಗಿ ಬಂದು ಯಜಮಾನನನ್ನು ನೋಡಿತು. ಅಂಬಾ ಎಂದು ಒಮ್ಮೆ ಕೂಗಿತು. ಯಾರೂ ಹಗ್ಗ ಹಿಡಿಯಲಿಲ್ಲ, ಯಾರೂ ಹೇಳಲಿಲ್ಲ. ತಾನೇ ಬಂದು ಯಜಮಾನನ ಎದುರಿಗೆ ನಾಲ್ಕು ಮಾರು ದೂರದಲ್ಲಿ, ಹನ್ನೊಂದು ವರ್ಷದಿಂದ ನಿಲ್ಲುತ್ತಿದ್ದಲ್ಲೇ ನಿಂತಿತು. ಸುಮಿತ್ರಮ್ಮನ ಕಣ್ಣಲ್ಲಿ ಆಗಲೇ ನೀರು.

ಮೃಣಾಲಿನಿ ಮೊದಲನೆಯದು ಮುಟ್ಟಿದಳು. "ಇದಾ?" ಇಲ್ಲ. ಎರಡನೆಯದು? ಇಲ್ಲ. ಮೂರು? ಬಸವನ್ನ ಬುಟ್ಟಿಯ ಕಡೆ ನೋಡಲೇ ಇಲ್ಲ. ಅಪ್ಪಲಸ್ವಾಮಿಯನ್ನೇ ನೋಡುತ್ತಿತ್ತು. ನಾಲ್ಕನೆಯದು ಮುಟ್ಟಿದಾಗ ತಲೆಯಾಡಿಸಿತು. ಬುಟ್ಟಿ ಎತ್ತಿದರೆ ಕೆಳಗೆ ಬೆಳ್ಳಗೆ ತೆಂಗಿನ ಹೋಳು.

"ಒಂದು ಸಲ ಯಾರು ಬೇಕಾದರೂ ಹೇಳ್ತಾರೆ," ಎಂದ ದುರ್ಗಾಪ್ರಸಾದ್. ಆದರೆ ಈ ಸಲ ಇಡಲು ಹೋದವನ ನಡಿಗೆ ಚುರುಕಾಗಿತ್ತು. ಎರಡನೆಯ ಸಲ ಒಂದನೇ ಬುಟ್ಟಿ, ಸರಿ. ಮೂರನೆಯ ಸಲ ಐದು, ಸರಿ. ನಾಲ್ಕನೆಯ ಸಲವೂ ಐದರ ಕೆಳಗೇ ಇಟ್ಟು ಮೋಸ ಮಾಡಲು ನೋಡಿದ. ಬಸವನ್ನ ಮೋಸಹೋಗಲಿಲ್ಲ. ಐದನೆಯ ಸಲದ ಹೊತ್ತಿಗೆ ದುರ್ಗಾಪ್ರಸಾದ್ ಬೀಡಿ ಎಸೆದು, ಚಪ್ಪಲಿ ಬಿಟ್ಟು, ದೇವಸ್ಥಾನದೊಳಗೆ ಓಡಾಡುವವನ ಹಾಗೆ ಓಡಾಡುತ್ತಿದ್ದ. ಏಳನೆಯದು ಒಂದು ತಪ್ಪಿತು. ಹತ್ತು ಮುಗಿದಾಗ ಒಂಬತ್ತು!

ಆ ಒಂಬತ್ತನ್ನು ಮೃಣಾಲಿನಿ ನೂರು ಸಲ ಬರೆದಿದ್ದಳು. ಈವತ್ತು ಬರೆಯುವುದನ್ನೇ ಮರೆತಳು. ಒಂದು ವರ್ಷಕ್ಕೂ ಮೀರಿ ಅವಳು ಎತ್ತಿಗೆ ಬುದ್ಧಿ ಇದೆಯೇ ಎಂದು ಮನುಷ್ಯನನ್ನು ಇಟ್ಟುಕೊಂಡು ಪರೀಕ್ಷೆ ಮಾಡಿದ್ದಳು. ಈಗ ದೊಡ್ಡ ದೊಡ್ಡ ಓದು ಓದಿದವರಿಗೆ ಕಾಣದ ಮನುಷ್ಯನನ್ನು ಎತ್ತು ಕಂಡುಹಿಡಿದು ಕೊಟ್ಟಿತ್ತು. ಎಷ್ಟು ದೊಡ್ಡ ಸಂಗತಿ ಇದು, ನಾನು ಎಷ್ಟು ಸಣ್ಣವಳು ಎನ್ನಿಸಿತು ಅವಳಿಗೆ.

"ಇನ್ನೊಂದು ಸಲ ಇಡಿಸೋಣ. ಅಮ್ಮ, ಬುಟ್ಟಿ ನೀನು ಮುಟ್ಟು," ಎಂದಳು. ತಾನು ಹೋಗಿ ಬಸವನ್ನನ ತಲೆಯ ಪಕ್ಕದಲ್ಲಿ, ಅದರ ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ಬಗ್ಗಿ ನಿಂತಳು. ಅದರ ಬಿಸಿ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಅದು ನೋಡುವ ಕಡೆಗೇ, ಅದು ನೋಡುವ ಎತ್ತರದಿಂದಲೇ ನೋಡಿದಳು. ಒಂದು, ಎರಡು. ಸುಮಿತ್ರಮ್ಮ ಮೂರನೆಯದು ಮುಟ್ಟಿದರು. ಅಪ್ಪಲಸ್ವಾಮಿಯ ಕಣ್ಣಗುಡ್ಡೆ ಎರಡೂ ಮೇಲಕ್ಕೆ, ಒಂದು ಸಾಸಿವೆ ಕಾಳಿನಷ್ಟು, ಎದ್ದು ಇಳಿದವು. ಬಸವನ್ನ ತಲೆಯಾಡಿಸಿತು.

ಪಕ್ಕದಲ್ಲಿ ಕೂತು ನೋಡಿದ್ದರಿಂದ ಅದು ಅವಳಿಗೆ ಎಂದೂ ಕಂಡಿರಲಿಲ್ಲ. ಆಸ್ಪತ್ರೆಯಲ್ಲಿ ಆ ಕಡೆ ಈ ಕಡೆ ನೋಡು ಎಂದಿದ್ದರೇ ಹೊರತು ಮೇಲೆ ನೋಡು ಎಂದು ಯಾರೂ ಹೇಳಿರಲಿಲ್ಲ. ಲಕ್ವ ಅವನ ಇಡೀ ಮೈಯನ್ನು ತೆಗೆದುಕೊಂಡು ಅದೊಂದನ್ನು ಬಿಟ್ಟುಹೋಗಿತ್ತು.

"ಅಪ್ಪಲಸ್ವಾಮೀ," ಎಂದಳು. "ನಾನು ಮೃಣಾಲಿನಿ. ಗೊತ್ತಾಗಿದ್ರೆ ಕಣ್ಣು ಮೇಲಕ್ಕೆ ಎತ್ತು."

ಕಣ್ಣು ಎದ್ದಿತು. ಸೂರ್ಯಕಾಂತಮ್ಮ ಕೂಗಿಕೊಂಡಳು. ದುರ್ಗಾಪ್ರಸಾದ್ ಮಣ್ಣಲ್ಲಿ ಮಂಡಿಯೂರಿ ಭಾವನ ಕಾಲು ಹಿಡಿದ. "ಬಸವನ್ನ ಎಲ್ಲಿಗೂ ಹೋಗಲ್ಲ ಭಾವಾ. ದಲ್ಲಾಳಿಗೆ ಈಗಲೇ ಹೇಳಿಬರ್ತೀನಿ," ಎಂದು ಎದ್ದವನು ಚಪ್ಪಲಿಯನ್ನೂ ಹಾಕಿಕೊಳ್ಳದೆ ರಸ್ತೆಗೆ ಓಡಿದ.

ಸೂರ್ಯಕಾಂತಮ್ಮ ಗಂಡನ ಎದುರಿಗೆ ಬಂದು ಕೂತಳು. ಏನೋ ಕೇಳಬೇಕು, ಕೇಳಲು ಧೈರ್ಯವಿಲ್ಲ. ಸೆರಗಿನ ಅಂಚನ್ನು ಸುತ್ತುತ್ತ ಬಿಚ್ಚುತ್ತ ಇದ್ದಳು. ಕೊನೆಗೆ ಕೇಳಿದಳು:

"ಈ ನಲವತ್ತು ದಿನ ನಾವು ಇಲ್ಲಿ ಆಡಿದ್ದೆಲ್ಲ... ದೇವರು ಕರಕೊಳ್ಳಲಿ ಅಂತ ನಾನು ಅಂದಿದ್ದು... ಕೇಳಿಸ್ತಿತ್ತಾ?"

ಕಣ್ಣು ಮೇಲಕ್ಕೆ ಎದ್ದಿತು.

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸುಮಿತ್ರಮ್ಮ ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟರು. ಭಾಷೆ ಬೇರೆಯಾದರೂ ಆ ಮಾತು ಅವರಿಗೆ ಪೂರ್ತಿ ಅರ್ಥವಾಗಿತ್ತು. ಆಮೇಲೆ ಸೂರ್ಯಕಾಂತಮ್ಮ, "ಕೋಪಾನಾ ನನ್ನ ಮೇಲೆ?" ಎಂದಳು.

ಎಲ್ಲರೂ ಅವನ ಮುಖವನ್ನೇ ನೋಡಿದರು. ಕಣ್ಣು ಅಲ್ಲಾಡಲಿಲ್ಲ. ಅವಳಿಗೆ ನಂಬಿಕೆ ಬರಲಿಲ್ಲ. ತಿರುಗಿ ಬಸವನ್ನನ ಕಡೆ ನೋಡಿದಳು. ಬಸವನ್ನ ಕದಲದೆ ನಿಂತಿತ್ತು.

"ಹಾಗಾದರೆ ನಾನು ಮಾತಾಡ್ತಾ ಇರಲಾ? ನಿಮ್ಮ ಜೊತೆ? ಮೊದಲಿನ ಹಾಗೆ?"

ಕಣ್ಣು ಎದ್ದಿತು. ಸಾಸಿವೆಯಷ್ಟಲ್ಲ, ಗುಡ್ಡೆಗಳೆರಡೂ ಪೇಟದೊಳಗೆ ಹೋಗಿಬಿಡುತ್ತವೆ ಎನ್ನುವಷ್ಟು ಮೇಲಕ್ಕೆದ್ದು, ಬರೀ ಬಿಳಿ ಕಾಣುವ ಹಾಗೆ ನಿಂತವು. ಬಸವನ್ನ ಒಂದೇ ಸಮನೆ ತಲೆಯಾಡಿಸತೊಡಗಿತು.

ಸೂರ್ಯಕಾಂತಮ್ಮ ಮೂಗು ಒರೆಸಿಕೊಂಡು, ಮೂಟೆಯನ್ನು ಸ್ವಲ್ಪ ಸರಿಸಿ, ಗಂಡನ ಕಣ್ಣು ಕಾಣುವಂತೆ ಹತ್ತಿರ ಕೂತಳು. ಎದುರು ಮನೆಯ ಆಡು ಎರಡು ಮರಿ ಹಾಕಿದ್ದು, ಒಂದು ಪೂರ್ತಿ ಕಪ್ಪು ಇರುವುದು, ನೀರಿನ ನಲ್ಲಿ ಎಂಟು ದಿನ ಬಾರದೆ ಹೆಂಗಸರೆಲ್ಲ ರಸ್ತೆಯಲ್ಲಿ ಕೂತಿದ್ದು, ಒಂದೊಂದಾಗಿ ನಲವತ್ತು ದಿನದ ಸುದ್ದಿ ಹೇಳುತ್ತ ಹೋದಳು.